ಡೂಕಿಯ ಮೇಷ್ಟ್ರು

‘ದಿ ವೈರ್’ ಪೊಲೀಸ್ ಕಥೆ ಎಂದುಕೊಂಡು ಕೂತವರನ್ನು ಅದರ ನಾಲ್ಕನೇ ಸೀಸನ್ ಕೊಂಚ ಗಲಿಬಿಲಿ ಮಾಡುತ್ತದೆ. ಬಾಲ್ಟಿಮೋರ್ ನಗರದ ಡ್ರಗ್ಸ್ ದಂಧೆ, ಪಾಳುಮನೆಗಳೊಳಗೆ ಬಚ್ಚಿಟ್ಟು ಬಾಗಿಲಿಗೆ ಮೊಳೆ ಹೊಡೆದ ಹೆಣಗಳು ಎಲ್ಲ ಇವೆ. ಆದರೆ 2006ರಲ್ಲಿ ಬಂದ ಈ 13 ಕಂತುಗಳ ಜೀವ ಇರುವುದು ಸರ್ಕಾರಿ ಶಾಲೆಯೊಂದರ ಎಂಟನೇ ಕ್ಲಾಸಿನಲ್ಲಿ.

ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ಐದಾರು ಜನ ಒಂದೇ ಲ್ಯಾಪ್‌ಟಾಪಿಗೆ ಮುತ್ತಿಕೊಂಡು ನೋಡಿದ್ದೆವು. ಆಗ ನಮಗೆಲ್ಲ ಬಂದೂಕು ಹಿಡಿದು ಸಿಳ್ಳೆ ಹಾಕುತ್ತಾ ಬರುವ ಒಮರ್‌ನೇ ಹೀರೊ. ಈಗ ನಾನು ಹೈಸ್ಕೂಲೊಂದರಲ್ಲಿ ಗಣಿತದ ಅತಿಥಿ ಶಿಕ್ಷಕ. ದಸರಾ ರಜೆಯಲ್ಲಿ ಮತ್ತೆ ನೋಡಿದಾಗ ಒಮರ್ ಬಂದು ಹೋದದ್ದೇ ಗಮನಕ್ಕೆ ಬರಲಿಲ್ಲ. ಕಣ್ಣೆಲ್ಲ ಪ್ರೆಜ್ ಮೇಷ್ಟ್ರ ಮೇಲೆ.

ಪ್ರೆಜ್ ಹಿಂದಿನ ಸೀಸನ್‌ಗಳಲ್ಲಿ ಪೊಲೀಸ್. ಕತ್ತಲಲ್ಲಿ ಇನ್ನೊಬ್ಬ ಪೊಲೀಸನಿಗೇ ಗುಂಡು ಹಾರಿಸಿ, ಕೆಲಸ ಬಿಟ್ಟು ಗಣಿತ ಕಲಿಸಲು ಬರುತ್ತಾನೆ. ಮೊದಮೊದಲು ತರಗತಿ ಅವನ ಕೈಗೇ ಸಿಗುವುದಿಲ್ಲ. ಹುಡುಗಿಯೊಬ್ಬಳು ಇನ್ನೊಬ್ಬಳ ಮುಖ ಕೊಯ್ಯುತ್ತಾಳೆ. ಮಕ್ಕಳಿಗೆ ಜೂಜು ಗೊತ್ತಿದೆ ಎಂದು ಕಂಡಮೇಲೆ ದಾಳ ತಂದು ಸಂಭವನೀಯತೆ ಹೇಳಿಕೊಡುತ್ತಾನೆ. ಎರಡು ದಾಳ ಉರುಳಿಸಿದರೆ ಮೊತ್ತ ಏಳು ಬರುವುದು 36ರಲ್ಲಿ 6 ಸಲ. ಇದನ್ನೇ ನಾನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚು ಆಕಳಿಸಿತ್ತು. ದಾಳ ಕೈಗೆ ಕೊಟ್ಟ ದಿನ ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಪ್ರೆಜ್‌ನ ಶಾಲೆಯಲ್ಲಿ ದಾಳ ಪಕ್ಕಕ್ಕೆ ಸರಿದು, ಮಾದರಿ ಪ್ರಶ್ನೆಗಳ ಉರು ಹೊಡೆತ ಶುರುವಾಗುತ್ತದೆ. ಅಪರಾಧ ಇಳಿದಿದೆ ಎಂದು ತೋರಿಸಲು ಪೊಲೀಸರು ಅಂಕಿ ತಿದ್ದುವುದನ್ನು ಕಂಡವನಿಗೆ ಇದು ಹೊಸದೇನಲ್ಲ. ನಮ್ಮಲ್ಲಿ ಇದರ ಹೆಸರು ‘ಪಾಸಿಂಗ್ ಪ್ಯಾಕೇಜ್’. ಅದರಿಂದಲೇ ದಡ ಸೇರಿದವರೂ ಇದ್ದಾರೆ, ಇಲ್ಲವೆನ್ನಲಾರೆ. ಇದನ್ನೆಲ್ಲ ಬರೆದವರಲ್ಲಿ ಒಬ್ಬನಾದ ಎಡ್ ಬರ್ನ್ಸ್ ನಿಜಜೀವನದಲ್ಲೂ ಬಾಲ್ಟಿಮೋರಿನಲ್ಲಿ ಪೊಲೀಸ್ ಆಗಿದ್ದು, ಆಮೇಲೆ ಮೇಷ್ಟ್ರಾದವನು. ಆ ಸ್ಟಾಫ್ ರೂಮು ಅಷ್ಟು ನಿಜವೆನಿಸುವುದು ಸುಮ್ಮನೆ ಅಲ್ಲ.

ಕಾಡುವವನು ಡೂಕಿ. ಒಗೆಯದ ಬಟ್ಟೆ, ವಾಸನೆ ಎಂದು ದೂರ ಕೂರುವ ಸಹಪಾಠಿಗಳು, ಸಾಮಾನುಗಳನ್ನೆಲ್ಲ ರಸ್ತೆಗೆ ಹಾಕಿಸಿಕೊಂಡ ಮನೆಯವರು. ಪ್ರೆಜ್ ಅವನಿಗೆ ಊಟ ತರುತ್ತಾನೆ, ಬಟ್ಟೆ ಒಗೆದುಕೊಡುತ್ತಾನೆ, ಶಾಲೆಯಲ್ಲೇ ಸ್ನಾನಕ್ಕೆ ದಾರಿ ಮಾಡುತ್ತಾನೆ. ವರ್ಷದ ಮಧ್ಯದಲ್ಲೇ ಶಾಲೆ ಅವನನ್ನು ಮೇಲಿನ ತರಗತಿಗೆ ದಾಟಿಸಿಬಿಡುತ್ತದೆ. ಹೈಸ್ಕೂಲಿನಲ್ಲಿ ಹುಡುಗ ನಿಲ್ಲುವುದಿಲ್ಲ. ಕೊನೆಗೆ ಪ್ರೆಜ್‌ಗೆ ಅವನು ಕಾಣಿಸುವುದು ಡ್ರಗ್ಸ್ ಮಾರುವ ಬೀದಿಯ ಮೂಲೆಯಲ್ಲಿ.

ಮೊದಲ ಸಲ ಆ ದೃಶ್ಯ ನೋಡಿ ನಾವೆಲ್ಲ ಊಟಕ್ಕೆ ಎದ್ದುಹೋಗಿದ್ದೆವು. ಈ ಸಲ ಪಾಸ್ ಒತ್ತಿ ಸುಮಾರು ಹೊತ್ತು ಕೂತೆ. ಒಂಬತ್ತನೇ ತರಗತಿಯ ನನ್ನ ಒಬ್ಬ ಹುಡುಗ ಆಗಸ್ಟಿನಿಂದ ಬಂದಿಲ್ಲ. ದಾಳದ ಲೆಕ್ಕ ಎಲ್ಲರಿಗಿಂತ ಮೊದಲು ಹಿಡಿದವನು ಅವನೇ. ಅಪ್ಪ–ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಾನೆ, ಕಟ್ಟಡದ ಕೆಲಸಕ್ಕೆ. ಅವರ ಫೋನ್ ಹತ್ತುತ್ತಿಲ್ಲ. ಮನೆ ಹುಡುಕಿಕೊಂಡು ಹೋದರೆ ಅಜ್ಜಿ, ‘ದೀಪಾವಳಿಗೆ ಬರ್ತಾರ‍್ರೀ ಸರ, ಬಂದ್ರ ಕಳಸ್ತೀನಿ’ ಎಂದರು.

ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇನ್ನೂ ಇದೆ. ಐದನೇ ಸೀಸನ್‌ನಲ್ಲಿ ಡೂಕಿ ಏನಾಗುತ್ತಾನೆಂದು ನನಗೆ ಗೊತ್ತು. ಅದನ್ನು ಸದ್ಯಕ್ಕೆ ಹಾಕಿಲ್ಲ. ಹಬ್ಬ ಮುಗಿದ ಮೇಲೆ ಇನ್ನೊಮ್ಮೆ ಆ ಅಜ್ಜಿಯ ಮನೆಗೆ ಹೋಗಬೇಕು.