ಆ 1,479 ಎಲ್ಲಿಂದ ಬಂತು?

ಓದುಗರೊಬ್ಬರ ಪ್ರಶ್ನೆ: ‘ನನಗೆ 35 ವರ್ಷ, ತೂಕ 60 ಕಿಲೋ, ಎತ್ತರ 155 ಸೆಂ.ಮೀ. ದಿನಕ್ಕೆ 1,479 ಕ್ಯಾಲರಿ ಅಂತ ಆ್ಯಪ್ ಹೇಳುತ್ತೆ. ಒಂದು ಇಡ್ಲಿ ಹೆಚ್ಚು ತಿಂದರೆ ದಪ್ಪ ಆಗ್ತೀನಾ?’

ತಿನ್ನಿ ತಾಯಿ. ಆ ಸಂಖ್ಯೆಯ ಕೊನೆಯ ಎರಡು ಅಂಕಿಗಳಿಗೆ ಕವಡೆ ಕಿಮ್ಮತ್ತಿಲ್ಲ.

ಇಂಥ ಲೆಕ್ಕಗಳ ಮೂಲ ಬಾಸ್ಟನ್ನಿನಲ್ಲಿದೆ. ಅಲ್ಲಿನ ಕಾರ್ನೆಗಿ ಪೋಷಣಾ ಪ್ರಯೋಗಾಲಯದಲ್ಲಿ ಹ್ಯಾರಿಸ್ ಮತ್ತು ಬೆನೆಡಿಕ್ಟ್ 136 ಗಂಡಸರು, 103 ಹೆಂಗಸರ ಮಾಪನಗಳನ್ನು ಒಟ್ಟುಹಾಕಿದರು. ಬರಿಹೊಟ್ಟೆಯಲ್ಲಿ ಅಲ್ಲಾಡದೆ ಮಲಗಿದಾಗ ಅವರ ಉಸಿರಾಟ ಅಳೆದು ಪಡೆದ ಅಂಕಿಗಳು ಅವು. ಅವನ್ನು ವಯಸ್ಸು, ತೂಕ, ಎತ್ತರಕ್ಕೆ ಹೊಂದಿಸಿ 1919ರಲ್ಲಿ ಒಂದು ಸೂತ್ರ ಪ್ರಕಟಿಸಿದರು. 1990ರಲ್ಲಿ ಮಿಫ್ಲಿನ್ ಮತ್ತು ಸಂಗಡಿಗರು 498 ಜನರನ್ನು ಅಳೆದು ಹೊಸ ಸೂತ್ರ ಕೊಟ್ಟರು. ನಮ್ಮ ಓದುಗರು ಸುಮ್ಮನೆ ಮಲಗಿದ್ದರೆ ದಿನಕ್ಕೆ ಎಷ್ಟು ಬೇಕು? ಹಳೆಯದರ ಪ್ರಕಾರ 1,352, ಹೊಸದರ ಪ್ರಕಾರ 1,233.

ಈ 1,233 ಅನ್ನು ಆ್ಯಪ್ ಚಟುವಟಿಕೆಯ ಅಂಶದಿಂದ ಗುಣಿಸುತ್ತದೆ. ಕೂತು ಕೆಲಸ ಮಾಡುವವರಿಗೆ 1.2, ಹೀಗೆ 1,479 ಬಂತು. ‘ಅಲ್ಪಸ್ವಲ್ಪ ವ್ಯಾಯಾಮ’ ಎಂದು ಒತ್ತಿದ್ದರೆ 1.375, ಅಂದರೆ 1,695. ಬೆರಳಿನ ಒಂದು ಒತ್ತಿಗೆ ಹೆಚ್ಚುಕಡಿಮೆ ಎರಡು ಚಪಾತಿ! ಮನೆಯಲ್ಲಿ ಗುಡಿಸಿ, ಒರೆಸಿ, ನೀರು ಹೊತ್ತವರು ಯಾವುದನ್ನು ಒತ್ತಬೇಕೋ ಆ್ಯಪ್ ಮಾಡಿದವರನ್ನೇ ಕೇಳಬೇಕು.

ನಿಜವಾದ ಖರ್ಚನ್ನು ಅಳೆಯುವ ಉಪಾಯವೂ ಇದೆ, ನನಗದು ಬಲು ಇಷ್ಟ. ನಾವು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡಿನ ಆಮ್ಲಜನಕವು ಮೈಯೊಳಗಿನ ನೀರಿನ ಆಮ್ಲಜನಕದೊಡನೆ ಅದಲುಬದಲಾಗುತ್ತಿರುತ್ತದೆ ಎಂದು ಮಿನ್ನೆಸೋಟದ ನೇಥನ್ ಲಿಫ್ಸನ್ 1949ರಲ್ಲಿ ತೋರಿಸಿದ್ದರು. ಹಾಗಾದರೆ ಹೈಡ್ರೋಜನ್, ಆಮ್ಲಜನಕ ಎರಡರಲ್ಲೂ ಭಾರದ ಪರಮಾಣು ಬೆರೆಸಿದ ನೀರು ಕುಡಿಸಿದರೆ? ಹೈಡ್ರೋಜನ್ನಿಗೆ ನೀರಾಗಿ ಹೋಗುವ ದಾರಿಯೊಂದೇ: ಮೂತ್ರ, ಬೆವರು, ಉಸಿರಿನ ತೇವ. ಆಮ್ಲಜನಕ ಆ ದಾರಿಯಲ್ಲೂ ಹೋಗುತ್ತದೆ, ಇಂಗಾಲದ ಡೈಆಕ್ಸೈಡಾಗಿಯೂ ಹೋಗುತ್ತದೆ. ಎರಡು ವಾರ ಮೂತ್ರ ಪರೀಕ್ಷಿಸಿ, ಇವೆರಡೂ ಕಡಿಮೆಯಾಗುವ ವೇಗದ ವ್ಯತ್ಯಾಸ ನೋಡಿದರೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟೆಂದು ತಿಳಿಯುತ್ತದೆ. ಅದರಿಂದ ಉರಿದ ಕ್ಯಾಲರಿ. ಲಿಫ್ಸನ್ ಇಲಿಗಳ ಮೇಲೆ ಮಾಡಿ ನೋಡಿದರು. ಭಾರದ ಆಮ್ಲಜನಕ ವಿಪರೀತ ದುಬಾರಿ. ಹಾಗಾಗಿ ಮನುಷ್ಯರ ಸರದಿ ಬಂದದ್ದು 1982ರಲ್ಲಿ, ಡೇಲ್ ಶೋಲರ್ ಅವರಿಂದ.

ಈ ನೀರು ಕುಡಿದ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಂಕಿಅಂಶ 2021ರಲ್ಲಿ ಹೊರಬಂತು. ಮೈಯ ಗಾತ್ರ, ಕೊಬ್ಬಿನ ಪಾಲನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60ರವರೆಗೆ ಖರ್ಚು ಬಹುಮಟ್ಟಿಗೆ ಒಂದೇ. ‘ಮೂವತ್ತಾಯ್ತು, ಮೆಟಬಾಲಿಸಂ ನಿಧಾನ ಆಯ್ತು’ ಎನ್ನುವ ನೆಪ ಹೋಯಿತು.

ಸೂತ್ರಗಳಿಗೆ ನಮ್ಮ ಮೈ ಬೇರೆ ಅಷ್ಟಾಗಿ ಒಗ್ಗಿಲ್ಲ. ಡಬ್ಲ್ಯುಎಚ್‌ಒ ಬಳಸಿದ 1985ರ ಸ್ಕೋಫೀಲ್ಡ್ ಸೂತ್ರದ ದತ್ತಾಂಶದಲ್ಲಿ ಅರ್ಧದಷ್ಟು ಇಟಲಿಯವರೇ! ಅದು ಭಾರತೀಯರಿಗೆ ಹೆಚ್ಚು ತೋರಿಸುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಳೆದೇ ಹೇಳಿದ್ದರು.

ಓದುಗರಿಗೆ ಇಷ್ಟೇ: 1,479 ಅನ್ನು ಸುಮಾರು 1,500 ಎಂದುಕೊಂಡು ಶುರುಮಾಡಿ. ಮೂರು ವಾರ ಒಂದೇ ರೀತಿ ಉಂಡು, ಬೆಳಿಗ್ಗೆ ಬರಿಹೊಟ್ಟೆಯ ತೂಕ ಬರೆದಿಡಿ. ಒಂದು ದಿನದ ಏರಿಳಿತ ಬಿಡಿ, ಅದು ಉಪ್ಪು ನೀರಿನ ಆಟ. ವಾರದ ಸರಾಸರಿ ಕದಲದಿದ್ದರೆ ನೀವು ತಿನ್ನುತ್ತಿರುವುದೇ ನಿಮ್ಮ ಅಗತ್ಯ. ಇಳಿಸಬೇಕಿದ್ದರೆ ಅಲ್ಲಿಂದ ಕೊಂಚ ಕಡಿಮೆ ಮಾಡಿ. ನಾಲ್ಕೈದು ಕಿಲೋ ಇಳಿದ ಮೇಲೆ ಮತ್ತೆ ನೋಡಿ, ಹಗುರಾದ ಮೈಗೆ ಕಡಿಮೆ ಸಾಕು.