ಮನೆ ಸಿಕ್ಕರೆ ಸಾಕೇ?

ಬೆಂಬಲಿತ ವಸತಿ ಎಂದರೆ ಆಶ್ರಮವಲ್ಲ, ಹಾಸ್ಟೆಲ್ಲೂ ಅಲ್ಲ. ಎಲ್ಲರ ಮನೆಗಳಿರುವ ಬೀದಿಯಲ್ಲೇ ಇನ್ನೊಂದು ಮನೆ. ಅಲ್ಲಿರುವ ವಿಕಲಚೇತನರಿಗೆ ಸ್ನಾನ, ಅಡುಗೆ, ಔಷಧಿ, ಬ್ಯಾಂಕಿನ ಕೆಲಸ ಇವುಗಳಲ್ಲಿ ಯಾವುದಕ್ಕೆ ಬೇಕೋ ಅಷ್ಟಕ್ಕೆ ಮಾತ್ರ ಸಹಾಯ ಸಿಗುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದಕ್ಕೆ ಸಂಬಂಧಿಸಿದ ಎರಡು ಸೆಕ್ಷನ್‌ಗಳಿವೆ. 37ನೆಯದು, ಸರಕಾರದ ವಸತಿ ಯೋಜನೆಗಳಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಶೇ. 5 ಮೀಸಲು ಎನ್ನುತ್ತದೆ. 5ನೆಯದು, ಅವರು ಸಮಾಜದ ನಡುವೆಯೇ ಬದುಕಲು ಬೇಕಾದ ಸೇವೆ ಮತ್ತು ಸಹಾಯಕರು ಸಿಗುವಂತೆ ಸರಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಗೋಡೆಗೆ ಅಂಕಿ ಇದೆ, ಸಹಾಯಕ್ಕೆ ಬರೀ ಪ್ರಯತ್ನ!

ನನ್ನ ಖಾಲಾಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಅವರ ಮಗನಿಗೆ ಇಪ್ಪತ್ತಾರು ವರ್ಷ, ಸೆರೆಬ್ರಲ್ ಪಾಲ್ಸಿ. ಭಾಯ್‌ಗೆ ಮಾತು ಅರ್ಥವಾಗುತ್ತದೆ, ಕ್ರಿಕೆಟ್ ಸ್ಕೋರ್ ನನಗಿಂತ ಚೆನ್ನಾಗಿ ನೆನಪಿರುತ್ತದೆ. ಆದರೆ ಶರ್ಟಿನ ಗುಂಡಿ ಹಾಕಿಕೊಳ್ಳಲಾಗುವುದಿಲ್ಲ. ಮನೆ ಅವರ ಸ್ವಂತದ್ದೇ. ಆದರೂ ಖಾಲಾ ಕೇಳುವುದು ಒಂದೇ ಪ್ರಶ್ನೆ: "ಮೇರೆ ಬಾದ್ ಇಸ್ಕು ಕೌನ್ ದೇಖ್ತೆ?" ನನ್ನ ನಂತರ ಇವನನ್ನು ಯಾರು ನೋಡಿಕೊಳ್ಳುತ್ತಾರೆ?

ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ, ಮನೆ ಕಟ್ಟುವುದು ಬಂಡವಾಳ ವೆಚ್ಚ. ಒಮ್ಮೆ ಕಟ್ಟಿದರೆ ಉದ್ಘಾಟನೆ, ಫೋಟೋ ಎಲ್ಲ ಆಗುತ್ತದೆ. ಸಹಾಯಕರ ಸಂಬಳ ರಾಜಸ್ವ ವೆಚ್ಚ, ತಿಂಗಳು ತಿಂಗಳು ಬರುತ್ತದೆ, ಅದಕ್ಕೆ ರಿಬ್ಬನ್ ಕತ್ತರಿಸುವವರಿಲ್ಲ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಐವರು ಇರುವ ಮನೆಯ ಬಾಡಿಗೆ 12,000 ರೂ. ಹಗಲಿಗೊಬ್ಬರು, ರಾತ್ರಿಗೊಬ್ಬರು ಸಹಾಯಕರು, ತಲಾ 12,000 ರೂ. ಆಗ ತಲೆಗೆ ಬಾಡಿಗೆ 2,400, ಸಹಾಯ 4,800. ಸಂಬಳ ಬಾಡಿಗೆಯ ಎರಡು ಪಟ್ಟು. ಬಜೆಟ್‌ನಲ್ಲಿ ಮೊದಲನೆಯದನ್ನಷ್ಟೇ ಬರೆದರೆ ಉಳಿದದ್ದು ತಾಯಂದಿರ ಖಾತೆಗೆ ಬೀಳುತ್ತದೆ.

ಇದು ಆಗದ ಕೆಲಸವೇನೂ ಅಲ್ಲ. 1993ರಲ್ಲಿ ಚೆನ್ನೈನಲ್ಲಿ ಶುರುವಾದ 'ದಿ ಬ್ಯಾನಿಯನ್' ಸಂಸ್ಥೆ 'ಹೋಮ್ ಅಗೇನ್' ಎಂಬ ಕಾರ್ಯಕ್ರಮ ನಡೆಸುತ್ತಿದೆ. ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲೇ ಉಳಿದುಹೋದವರಿಗೆ ಸಾಮಾನ್ಯ ಬೀದಿಗಳಲ್ಲಿ ಬಾಡಿಗೆ ಮನೆ ಹಿಡಿದು, ನಾಲ್ಕೈದು ಜನರನ್ನು ಒಟ್ಟಿಗೆ ಇರಿಸಿ, ಜೊತೆಗೆ ಸಹಾಯಕರನ್ನೂ ಕೊಡುತ್ತದೆ. ಮನೆಯವರು ಒಪ್ಪುವುದಿಲ್ಲ, ಬೇರೆ ಜಾಗವಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇರಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ಭಾಯ್‌ನಂಥವರಿಗೆ ಕೇಂದ್ರದ ನ್ಯಾಷನಲ್ ಟ್ರಸ್ಟ್‌ನ 'ಘರೌಂದಾ' ಯೋಜನೆ ಇದೆ: ಹದಿನೆಂಟು ದಾಟಿದವರಿಗೆ ಗುಂಪು ಮನೆ. ಮಕ್ಕಳು ಮರಳಿನಲ್ಲಿ ಕಟ್ಟುವ ಪುಟ್ಟ ಮನೆಗೆ ಘರೌಂದಾ ಎನ್ನುತ್ತಾರೆ. ಹೆಸರು ಇಟ್ಟವರು ಸ್ವಲ್ಪ ಯೋಚಿಸಬಹುದಿತ್ತು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಎಲ್ಲರಿಗೂ ಇಂಥ ಮನೆ ಬೇಕಿಲ್ಲ. ಯಾರಿಗೆ ಬೇಕು ಎಂದು ಪಟ್ಟಿ ಮಾಡಲು ಹೊಸ ಇಲಾಖೆಯೂ ಬೇಕಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ಇದ್ದಾರೆ, ಅವರೂ ವಿಕಲಚೇತನರೇ. ಪಿಂಚಣಿ, ಗುರುತಿನ ಚೀಟಿಗೆಂದು ಮನೆ ಮನೆ ತಿರುಗುವಾಗ ಇನ್ನೊಂದು ಕಾಲಂ ಸೇರಿಸಿ ಕೇಳಲಿ: ನೋಡಿಕೊಳ್ಳುತ್ತಿರುವವರ ವಯಸ್ಸು ಎಷ್ಟು? ಅರವತ್ತು ದಾಟಿದ ಹೆಸರುಗಳಿಂದಲೇ ರಾಜ್ಯ ಶುರು ಮಾಡಬಹುದು.