ಜಾಲತಾಣದ ಲೆಕ್ಕ ತಪ್ಪದಿರಲು: ಪರದೆರಹಿತ ಬ್ರೌಸರ್ ಮೂಲಕ ಸ್ವಯಂಚಾಲಿತ ಪರೀಕ್ಷೆ

ಅಂಗಡಿಯ ಬಾಗಿಲು ತೆರೆಯದಿದ್ದರೆ ಗ್ರಾಹಕರು ಕೂಡಲೇ ತಿಳಿಸುತ್ತಾರೆ. ಜಾಲತಾಣ ಕೆಟ್ಟಿದ್ದರೆ ಅವರು ಏನೂ ಹೇಳದೆ ಬೇರೊಂದು ತಾಣಕ್ಕೆ ಹೋಗುತ್ತಾರೆ. ನಷ್ಟವಾದ ಸಂಗತಿ ವರ್ತಕನಿಗೆ ತಿಳಿಯುವುದೇ ಇಲ್ಲ. ಅಂತರ್ಜಾಲದ ಮೂಲಕ ಬೇಡಿಕೆ ಪಡೆಯುವ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಈ ವಿಷಯದಲ್ಲಿ ಎಚ್ಚರ ವಹಿಸುವುದು ಅಗತ್ಯ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಪರಿಷ್ಕೃತಗೊಂಡು, ಶೇ. 28ರಷ್ಟಿದ್ದ ಹಲವು ವಾಹನ ಬಿಡಿಭಾಗಗಳ ತೆರಿಗೆ ಶೇ. 18ಕ್ಕೆ ಇಳಿಯಿತು. ಆಲ್ಕೊಳದ ಬಿಡಿಭಾಗ ವರ್ತಕರೊಬ್ಬರು ತಮ್ಮ ತಾಣದಲ್ಲಿ ತೆರಿಗೆ ಹೊರತುಪಡಿಸಿ 1,000 ರೂಪಾಯಿ ಬೆಲೆಯ ಅಂತಹ ಒಂದು ವಸ್ತುವನ್ನು ಮಾರುತ್ತಾರೆಂದು ಇಟ್ಟುಕೊಳ್ಳಬಹುದು. ಭದ್ರಾವತಿಯ ಗ್ರಾಹಕರಿಗೆ ಕೇಂದ್ರ ಜಿಎಸ್‌ಟಿ 90 ಮತ್ತು ರಾಜ್ಯ ಜಿಎಸ್‌ಟಿ 90 ರೂಪಾಯಿ ಸೇರಬೇಕು. ಪುಣೆಯ ಗ್ರಾಹಕರಿಗೆ ಸಮಗ್ರ ಜಿಎಸ್‌ಟಿ 180 ರೂಪಾಯಿ ಸೇರಬೇಕು. ಎರಡೂ ಕಡೆ ಮೊತ್ತ 1,180 ರೂಪಾಯಿ. ಹಳೆಯ ದರ ಒಂದು ಪುಟದಲ್ಲಿ ಉಳಿದುಬಿಟ್ಟರೆ 1,280 ರೂಪಾಯಿ ತೋರಿಸುತ್ತದೆ. ಪ್ರತಿ ಬದಲಾವಣೆಯ ನಂತರ ಎಲ್ಲ ಪುಟಗಳನ್ನೂ ಕೈಯಿಂದಲೇ ಪರಿಶೀಲಿಸುವುದು ಕಷ್ಟಸಾಧ್ಯ.

ಕಾರ್ಯವಿಧಾನ

ಸಾಮಾನ್ಯ ಬ್ರೌಸರ್ ಪುಟವನ್ನು ತರಿಸಿ, ಅದರೊಳಗಿನ ಆದೇಶಗಳನ್ನು ನಡೆಸಿ, ಫಲಿತಾಂಶವನ್ನು ಕಿಟಕಿಯಲ್ಲಿ ತೋರಿಸುತ್ತದೆ. 'ಹೆಡ್‌ಲೆಸ್' ಅಥವಾ ಪರದೆರಹಿತ ಬ್ರೌಸರ್ ಇವೆಲ್ಲವನ್ನೂ ಮಾಡುತ್ತದೆ, ಕಿಟಕಿಯನ್ನು ಮಾತ್ರ ತೆರೆಯುವುದಿಲ್ಲ. ಆದುದರಿಂದ ಪರದೆಯೇ ಇಲ್ಲದ ಸರ್ವರ್‌ನಲ್ಲಿ, ಯಾರೂ ಎದುರಿಗಿಲ್ಲದ ರಾತ್ರಿಯಲ್ಲೂ ಅದನ್ನು ನಡೆಸಬಹುದು.

ಗ್ರಾಹಕರು ಇಡುವ ಹೆಜ್ಜೆಗಳನ್ನೇ ತಂತ್ರಜ್ಞರು ಅದಕ್ಕೆ ಬರೆದುಕೊಡುತ್ತಾರೆ: ವಸ್ತುವನ್ನು ಆರಿಸುವುದು, ಭದ್ರಾವತಿಯ ಪಿನ್‌ಕೋಡ್ 577301 ತುಂಬುವುದು, ಮೊತ್ತ 1,180 ಇದೆಯೇ ಎಂದು ನೋಡುವುದು, ಬಳಿಕ ಪುಣೆಯ 411001 ತುಂಬಿ ಮತ್ತೆ ನೋಡುವುದು. ವ್ಯತ್ಯಾಸ ಕಂಡರೆ ಪುಟದ ಚಿತ್ರ ತೆಗೆದು ಮಿಂಚಂಚೆ ಕಳುಹಿಸುವಂತೆಯೂ ಏರ್ಪಡಿಸಬಹುದು. ಈ ಪರೀಕ್ಷೆಯನ್ನು ತಾಣದ ಪ್ರತ್ಯೇಕ ಪ್ರತಿಯಲ್ಲಿ, ಹಣ ಪಾವತಿಯ ಪರೀಕ್ಷಾ ವ್ಯವಸ್ಥೆ ಬಳಸಿ ನಡೆಸಬೇಕು; ಇಲ್ಲವಾದರೆ ಹುಸಿ ಬೇಡಿಕೆಗಳು ದಾಸ್ತಾನಿನ ಲೆಕ್ಕವನ್ನು ಕೆಡಿಸುತ್ತವೆ.

ಸಾಧನಗಳು

ಬ್ರೌಸರನ್ನು ಸ್ವಯಂಚಾಲಿತವಾಗಿ ನಡೆಸುವ ಸೆಲೆನಿಯಂ 2004ರಲ್ಲಿ ಆರಂಭವಾಯಿತು. 2017ರಲ್ಲಿ ಕ್ರೋಮ್ ಬ್ರೌಸರಿಗೇ ಪರದೆರಹಿತ ವಿಧಾನ ಸೇರಿತು. ಅದೇ ವರ್ಷ ಗೂಗಲ್‌ನ ಪಪೆಟಿಯರ್, 2020ರಲ್ಲಿ ಮೈಕ್ರೋಸಾಫ್ಟ್‌ನ ಪ್ಲೇರೈಟ್ ಬಂದವು. ಸೆಲೆನಿಯಂ, ಪಪೆಟಿಯರ್, ಪ್ಲೇರೈಟ್ ಮೂರೂ ಮುಕ್ತ ತಂತ್ರಾಂಶಗಳಾಗಿದ್ದು ಪರವಾನಗಿ ಶುಲ್ಕವಿಲ್ಲ. ಪರೀಕ್ಷೆಗಳನ್ನು ಬರೆಯುವ ಶ್ರಮಕ್ಕಷ್ಟೇ ವೆಚ್ಚ. ಹಿಂದೆ ಜನಪ್ರಿಯವಾಗಿದ್ದ ಫ್ಯಾಂಟಮ್‌ಜೆಎಸ್‌ನ ಅಭಿವೃದ್ಧಿ 2018ರಲ್ಲಿ ನಿಂತುಹೋಗಿರುವುದರಿಂದ ಹೊಸ ಕೆಲಸಕ್ಕೆ ಅದು ತಕ್ಕುದಲ್ಲ.

ಮಿತಿಗಳು

2018ರ ಫೆಬ್ರವರಿ 1ರಂದು ದೇಶಾದ್ಯಂತ ಕಡ್ಡಾಯವಾಗಬೇಕಿದ್ದ ಇ-ವೇ ಬಿಲ್, ತಾಣದ ತಾಂತ್ರಿಕ ತೊಂದರೆಯಿಂದ ಅಂದೇ ಮುಂದೂಡಲ್ಪಟ್ಟು ಏಪ್ರಿಲ್ 1ರಂದು ಜಾರಿಗೆ ಬಂದುದನ್ನು ವರ್ತಕರು ಮರೆತಿರಲಾರರು. ಒಬ್ಬ ಬಳಕೆದಾರನ ಹೆಜ್ಜೆಗಳನ್ನು ಅನುಸರಿಸುವ ಪರೀಕ್ಷೆಯಲ್ಲಿ ಗೆದ್ದ ತಾಣವೂ ಸಾವಿರಾರು ಮಂದಿ ಒಮ್ಮೆಲೇ ಬಂದಾಗ ಕುಸಿಯಬಹುದು. ಅದಕ್ಕೆ ಹೊರೆ ಪರೀಕ್ಷೆ ಎಂಬ ಬೇರೆಯೇ ವಿಧಾನವಿದೆ. ಹಾಗೆಯೇ ಪುಟದ ಬರಹ ಗ್ರಾಹಕರಿಗೆ ಅರ್ಥವಾಗುವುದೇ ಎಂಬುದನ್ನು ಮನುಷ್ಯನೇ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಸರಿಯುತ್ತರ ಯಾವುದೆಂದು ಯಂತ್ರಕ್ಕೆ ತಾನಾಗಿ ತಿಳಿಯದು. ತೆರಿಗೆ, ರಿಯಾಯಿತಿ, ಸಾಗಣೆ ವೆಚ್ಚಗಳ ಹತ್ತಾರು ಮಾದರಿ ಬಿಲ್‌ಗಳನ್ನು ವರ್ತಕರೇ ತಮ್ಮ ಲೆಕ್ಕಿಗರೊಂದಿಗೆ ಕುಳಿತು ಸಿದ್ಧಪಡಿಸಿ ತಂತ್ರಾಂಶ ಸಂಸ್ಥೆಗೆ ಕೊಡಬೇಕು. ಪ್ರತಿ ಬದಲಾವಣೆಗೂ ಮುನ್ನ ಅವುಗಳನ್ನು ಪರೀಕ್ಷಿಸಿ ವರದಿ ನೀಡತಕ್ಕದ್ದೆಂಬ ಷರತ್ತನ್ನು ಒಪ್ಪಂದದಲ್ಲಿಯೇ ಸೇರಿಸುವುದು ಲೇಸು.